ಹೊಸಬರು ಮರಳಿ ಬರುತ್ತಾರೆಯೇ? ಬಳಕೆದಾರರ ನಡವಳಿಕೆಗೆ ಮಾದರಿ ಕಟ್ಟುವ ಹತ್ತು ವಾರ

ವಿಕಿಪೀಡಿಯದ ಯಾವುದೇ ಪುಟದಲ್ಲಿ ‘ಇತಿಹಾಸ’ ಒತ್ತಿದರೆ ಉದ್ದನೆಯ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಒಂದೊಂದು ಸಾಲಿನಲ್ಲೂ ದಿನಾಂಕ, ಗಂಟೆ, ನಿಮಿಷ, ತಿದ್ದಿದ ಸದಸ್ಯರ ಹೆಸರು, ಪುಟ ಎಷ್ಟು ಬೈಟ್ ಬೆಳೆಯಿತು ಅಥವಾ ಕುಗ್ಗಿತು ಎಂಬ ಲೆಕ್ಕ, ಹೆಚ್ಚೆಂದರೆ ಒಂದು ಚಿಕ್ಕ ಟಿಪ್ಪಣಿ. ತಿದ್ದಿದವರು ಉತ್ಸಾಹದಲ್ಲಿದ್ದರೇ, ಬೇಸತ್ತಿದ್ದರೇ, ನಾಳೆ ಮತ್ತೆ ಬರುವ ಮನಸ್ಸು ಅವರಿಗಿತ್ತೇ ಎಂಬುದು ಅಲ್ಲಿ ಎಲ್ಲೂ ಇಲ್ಲ. ಆನ್‌ಲೈನ್ ನಡವಳಿಕೆಗೆ ಗಣಕ ಮಾದರಿ ಕಟ್ಟುವುದೆಂದರೆ ಇಂಥ ಸಾಲುಗಳಿಂದ ಹೊರಟು ಮನುಷ್ಯರ ಬಗ್ಗೆ ಏನಾದರೂ ಖಚಿತವಾಗಿ ಹೇಳಲು ನೋಡುವುದು. ಈ ದಾರಿಯುದ್ದಕ್ಕೂ ತೀರ್ಮಾನಗಳನ್ನು ಮಾಡಬೇಕಾಗುತ್ತದೆ: ಯಾರನ್ನು ‘ಹೊಸಬರು’ ಎನ್ನುವುದು, ಎಷ್ಟು ಹೊತ್ತಿನ ಮೌನಕ್ಕೆ ‘ಎದ್ದು ಹೋದರು’ ಎನ್ನುವುದು, ಯಾರನ್ನು ಲೆಕ್ಕದಿಂದ ಬಿಡುವುದು. ಸೂತ್ರಗಳು ಪುಸ್ತಕದಲ್ಲಿ ಸಿಗುತ್ತವೆ. ಈ ತೀರ್ಮಾನಗಳು ಸಿಗುವುದಿಲ್ಲ. ಪದವಿ ವಿದ್ಯಾರ್ಥಿಯೊಬ್ಬರು ಒಂದು ಬೇಸಿಗೆಯಲ್ಲಿ ಕಲಿಯಬೇಕಾದದ್ದು ಅವನ್ನೇ.

ಅಮೆರಿಕದಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆಯಿದೆ. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಹಣ ಕೊಡುವ ಈ ಯೋಜನೆಯನ್ನು ಎಲ್ಲರೂ ಆರ್‌ಇಯು ಎಂದೇ ಕರೆಯುತ್ತಾರೆ, ಅದು ‘ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ಅನುಭವ’ ಎಂಬುದರ ಇಂಗ್ಲಿಷ್ ಹ್ರಸ್ವರೂಪ. ಒಂದು ವಿಶ್ವವಿದ್ಯಾಲಯ ಹತ್ತರ ಆಸುಪಾಸು ವಿದ್ಯಾರ್ಥಿಗಳನ್ನು, ಹೆಚ್ಚಾಗಿ ಬೇರೆ ಕಾಲೇಜುಗಳಿಂದ, ಎಂಟರಿಂದ ಹತ್ತು ವಾರಗಳ ಮಟ್ಟಿಗೆ ಕರೆಸಿಕೊಂಡು ಭತ್ಯೆ ಕೊಟ್ಟು ಸಂಶೋಧನೆಯಲ್ಲಿ ತೊಡಗಿಸುತ್ತದೆ. ಈ ಹಣ ಸಿಗುವುದು ಅಮೆರಿಕದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಅಲ್ಲಿ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳು ಅರ್ಜಿ ಹಾಕಬಹುದು, ವಿದ್ಯಾರ್ಥಿ ವೀಸಾದಲ್ಲಿ ಇಲ್ಲಿಂದ ಹೋದವರಿಗೆ ಈ ಬಾಗಿಲು ತೆರೆಯುವುದಿಲ್ಲ. ಇಲ್ಲಿದ್ದುಕೊಂಡೇ ಮಾಡುವವರಿಗೆ ಭಾರತದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನಡೆಸುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಇದೆ. ಆ ಮೂರರಲ್ಲಿ ಒಂದಾದ ಭಾರತೀಯ ವಿಜ್ಞಾನ ಅಕಾಡೆಮಿ ಬೆಂಗಳೂರಿನಲ್ಲೇ ಇದೆ. ಹೆಸರು ಯಾವುದೇ ಇರಲಿ, ಕೈಯಲ್ಲಿರುವ ಕೆಲಸದ ದಿನಗಳು ನಲವತ್ತರಿಂದ ಐವತ್ತು. ಮಾದರಿ ಎಷ್ಟು ದೊಡ್ಡದಿರಬೇಕು ಎಂಬುದನ್ನು ಈ ಸಂಖ್ಯೆಯೇ ಹೇಳುತ್ತದೆ.

ಪ್ರಶ್ನೆಗಿಂತ ಮೊದಲು ದತ್ತಾಂಶ ಕೈಯಲ್ಲಿರಬೇಕು. ಸಂಶೋಧನೆಯ ಪಾಠದಲ್ಲಿ ಇದನ್ನು ತಿರುಗಿಸಿ ಹೇಳುವುದುಂಟು, ಆದರೆ ಹತ್ತು ವಾರದಲ್ಲಿ ಪ್ರಶ್ನೆ ಹಿಡಿದುಕೊಂಡು ದತ್ತಾಂಶ ಹುಡುಕುತ್ತ ಹೊರಟವರು ಆರನೇ ವಾರದಲ್ಲೂ ಅನುಮತಿಗಾಗಿ ಕಾಯುತ್ತಿರುತ್ತಾರೆ. 2023ರಲ್ಲಿ ಟ್ವಿಟರ್ ಸಂಶೋಧಕರಿಗಿದ್ದ ಉಚಿತ ದಾರಿ ಮುಚ್ಚಿತು. 2024ರ ಆಗಸ್ಟ್‌ನಲ್ಲಿ ಮೆಟಾ ಕಂಪನಿ ಕ್ರೌಡ್‌ಟ್ಯಾಂಗಲ್ ಎಂಬ, ಫೇಸ್‌ಬುಕ್ಕಿನ ಸಾರ್ವಜನಿಕ ಬರಹಗಳನ್ನು ಹಿಂಬಾಲಿಸುವ ಸಾಧನವನ್ನು ನಿಲ್ಲಿಸಿತು. ಇನ್ನೂ ತೆರೆದಿರುವ ಮೂಲಗಳಲ್ಲಿ ವಿಕಿಪೀಡಿಯ ಎಲ್ಲಕ್ಕಿಂತ ಉದಾರಿ. ಅದರ ‘ಮೀಡಿಯಾವಿಕಿ ಹಿಸ್ಟರಿ’ ಕಡತಗಳು ಪ್ರತಿ ತಿಂಗಳು ಹೊಸದಾಗಿ ಬರುತ್ತವೆ, ಮತ್ತು ಪ್ರತಿ ಬಾರಿಯೂ ಆ ವಿಕಿಯ ಆರಂಭದಿಂದ ಇಂದಿನವರೆಗಿನ ಚರಿತ್ರೆ ಅದರಲ್ಲಿರುತ್ತದೆ. ಪುಟಗಳ ಪಠ್ಯ ಇರುವುದಿಲ್ಲ, ಯಾರು ಯಾವಾಗ ಏನು ಮಾಡಿದರು ಎಂಬುದಷ್ಟೇ. ಇಂಗ್ಲಿಷ್ ವಿಕಿಪೀಡಿಯದ್ದು ತಿಂಗಳಿಗೊಂದರಂತೆ ತುಂಡಾಗಿ ಬರುತ್ತದೆ, ಅದನ್ನು ನಿಭಾಯಿಸಲು ದೊಡ್ಡ ಯಂತ್ರವೇ ಬೇಕು. ಕನ್ನಡದಂಥ ಸಣ್ಣ ವಿಕಿಯ ಇಡೀ ಚರಿತ್ರೆ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕೂರುತ್ತದೆ. ಮೊದಲ ಮಾದರಿಯನ್ನು ಸಣ್ಣದರ ಮೇಲೆ ಕಟ್ಟಿ, ಅದು ನಿಂತ ಮೇಲೆ ದೊಡ್ಡದಕ್ಕೆ ಹೋಗುವುದು ಒಳ್ಳೆಯದು.

ಈಗ ಪ್ರಶ್ನೆ. ‘ಜನರು ಆನ್‌ಲೈನಿನಲ್ಲಿ ಹೇಗೆ ವರ್ತಿಸುತ್ತಾರೆ’ ಎಂಬುದಕ್ಕೆ ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ದಾರಿಯಿಲ್ಲ, ಹಾಗಾಗಿ ಅದನ್ನು ಇಲ್ಲಿ ಪ್ರಶ್ನೆ ಎನ್ನಲು ಬರುವುದಿಲ್ಲ. ಹೀಗೆ ಕೇಳಿ ನೋಡಿ: ಮೊದಲ ಸಂಪಾದನೆ ಮಾಡಿದ ಹೊಸಬರಲ್ಲಿ ಎಷ್ಟು ಪಾಲು ಜನ ಆರು ತಿಂಗಳ ನಂತರವೂ ಸಂಪಾದಿಸುತ್ತಿರುತ್ತಾರೆ? ಮೊದಲ ಎರಡು ದಿನದಲ್ಲಿ ಅವರ ಸಂಪಾದನೆ ರದ್ದಾಗಿದ್ದರೆ ಆ ಪಾಲು ಬದಲಾಗುತ್ತದೆಯೇ? ಇದರಲ್ಲಿ ಜನ ಯಾರು, ಕಾಲ ಎಷ್ಟು, ಹೋಲಿಕೆ ಯಾವುದರ ಜೊತೆ ಎಂಬ ಮೂರೂ ಇವೆ. ಪ್ರಶ್ನೆ ಕಾಲ್ಪನಿಕವೂ ಅಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ ಇಳಿಯತೊಡಗಿತು. ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ, ಒಳ್ಳೆಯ ಉದ್ದೇಶದ ಹೊಸಬರ ಕೆಲಸವೂ ಹೆಚ್ಚುಹೆಚ್ಚಾಗಿ ರದ್ದಾಗುತ್ತಿರುವುದಕ್ಕೂ ಅವರು ಮರಳದಿರುವುದಕ್ಕೂ ನಂಟಿದೆ ಎಂದು ತೋರಿಸಿತು.

ಮೂರನೇ ವಾರಕ್ಕೆ ಕಡತ ತೆರೆದಾಗ ಮೊದಲು ಎದುರಾಗುವವರು ಮನುಷ್ಯರಲ್ಲ, ಬಾಟ್‌ಗಳು, ಅಂದರೆ ತಾವಾಗಿ ತಿದ್ದುವ ಪ್ರೋಗ್ರಾಂಗಳು. 2013ರಲ್ಲಿ ಭಾಷೆಯಿಂದ ಭಾಷೆಗೆ ಹೋಗುವ ಕೊಂಡಿಗಳನ್ನು ಎಲ್ಲ ವಿಕಿಗಳಿಗೂ ಒಂದೇ ದತ್ತಾಂಶ ಭಂಡಾರವಾದ ವಿಕಿಡೇಟಾ ವಹಿಸಿಕೊಳ್ಳುವವರೆಗೆ ಪ್ರತಿ ಸಣ್ಣ ವಿಕಿಯಲ್ಲೂ ಆ ಕೊಂಡಿಗಳನ್ನು ಹಾಕುತ್ತಿದ್ದದ್ದು ಬಾಟ್‌ಗಳೇ. ಅವನ್ನು ತೆಗೆಯದೆ ಗ್ರಾಫ್ ಎಳೆದರೆ 2013ರಲ್ಲಿ ಚಟುವಟಿಕೆ ಕುಸಿದುಬಿದ್ದಂತೆ ಕಾಣುತ್ತದೆ, ವಿದ್ಯಾರ್ಥಿ ಅದಕ್ಕೊಂದು ಸಾಮಾಜಿಕ ಕಾರಣ ಹುಡುಕಲು ಹೊರಡುತ್ತಾರೆ. ಕಡತದಲ್ಲಿ ಬಾಟ್ ಎಂದು ಗುರುತಿಸುವ ಕಾಲಂ ಇದೆ. ಖಾತೆಗೆ ಕೊಟ್ಟಿರುವ ‘ಬಾಟ್’ ಗುಂಪಿನ ಹಕ್ಕಿನಿಂದಲೂ ಹೆಸರಿನಿಂದಲೂ ಅದು ಗುರುತಿಸುತ್ತದೆ, ಎರಡನ್ನೂ ಬಳಸಬೇಕು.

ಅದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ವಿಕಿಪೀಡಿಯದ ಖಾತೆ ಎಲ್ಲ ಭಾಷೆಗಳಿಗೂ ಒಂದೇ. ಜರ್ಮನ್ ವಿಕಿಯಲ್ಲಿ ಹತ್ತು ವರ್ಷ ದುಡಿದವರು ಕನ್ನಡದ ಪುಟವೊಂದರಲ್ಲಿ ಚಿತ್ರದ ಹೆಸರು ಸರಿಪಡಿಸಲು ಬಂದರೆ ಇಲ್ಲಿನ ದಾಖಲೆಯಲ್ಲಿ ಅವರು ‘ಹೊಸಬರು’. ಒಂದು ಸಂಪಾದನೆ ಮಾಡಿ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಅವರು ಬೇಸರಗೊಂಡು ಹೋದವರಲ್ಲ, ಕೆಲಸ ಮುಗಿಸಿ ಹೋದವರು. ಖಾತೆಯನ್ನು ಇಲ್ಲೇ ಸ್ವತಃ ತೆರೆದರೋ, ವ್ಯವಸ್ಥೆ ತಾನಾಗಿ ಸೃಷ್ಟಿಸಿತೋ ಎಂಬ ಕಾಲಂ ನೋಡಿ ಎರಡನೆಯವರನ್ನು ಬೇರ್ಪಡಿಸಿದರೆ ಈ ತಪ್ಪಿನ ಬಹುಪಾಲು ಹೋಗುತ್ತದೆ. ಹಾಗೆಯೇ ಸಂಪಾದನೋತ್ಸವಗಳು. ಕಾಲೇಜೊಂದರ ಮೂವತ್ತು ಮಂದಿ ಒಂದೇ ಮಧ್ಯಾಹ್ನ ಖಾತೆ ತೆರೆದು ತಲಾ ಒಂದು ಲೇಖನ ಬರೆದು ಹೋದರೆ, ಸಂಖ್ಯಾಶಾಸ್ತ್ರದ ಕಣ್ಣಿಗೆ ಅವರು ಮೂವತ್ತು ಸ್ವತಂತ್ರ ಜನರಲ್ಲ, ಒಂದೇ ಘಟನೆ. ಸಣ್ಣ ವಿಕಿಯಲ್ಲಿ ಇಂಥ ಎರಡು ಕಾರ್ಯಕ್ರಮ ಸಾಕು, ಆ ವರ್ಷದ ಫಲಿತಾಂಶವೇ ತಿರುಗುತ್ತದೆ. ಒಂದೇ ದಿನ ನೋಂದಣಿ ಗುಂಪಾಗಿ ಏರಿದ ದಿನಾಂಕಗಳನ್ನು ಪಟ್ಟಿ ಮಾಡಿ, ಆ ದಿನ ಏನು ನಡೆದಿತ್ತೆಂದು ಅರಳಿಕಟ್ಟೆಯಲ್ಲಿ, ಅಂದರೆ ಕನ್ನಡ ವಿಕಿಪೀಡಿಯದ ಸಮುದಾಯ ಚರ್ಚೆಯ ಪುಟದಲ್ಲಿ, ಕೇಳುವುದು ಯಾವ ಕ್ರಮಾವಳಿಗಿಂತಲೂ ಬೇಗ ಉತ್ತರ ಕೊಡುತ್ತದೆ.

ಕಾಲದ ಲೆಕ್ಕದಲ್ಲೂ ಎಡವುವವರು ಬಹಳ. ದಾಖಲೆಯ ಸಮಯವೆಲ್ಲ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇರುತ್ತದೆ. ನಮಗೆ ಯುಟಿಸಿಯ ಮಧ್ಯರಾತ್ರಿ ಬೆಳಗಿನ 5:30. ಆಗ ಹೆಚ್ಚಿನವರು ಮಲಗಿರುತ್ತಾರೆ, ‘ದಿನ’ವನ್ನು ಅಲ್ಲಿ ಕತ್ತರಿಸಿದರೂ ದೊಡ್ಡ ಹಾನಿಯಿಲ್ಲ. ನ್ಯೂಯಾರ್ಕಿನಲ್ಲಿ ಅದೇ ಗಳಿಗೆ ಬೇಸಿಗೆಯಲ್ಲಿ ರಾತ್ರಿ ಎಂಟು, ಚಳಿಗಾಲದಲ್ಲಿ ಏಳು. ಜನ ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕೂತ ಹೊತ್ತು. ಒಂದೇ ಬೈಠಕ್ಕು ಎರಡು ದಿನಗಳಾಗಿ ಸೀಳುತ್ತದೆ, ‘ಎರಡನೇ ದಿನವೂ ಮರಳಿದರು’ ಎಂಬ ಸುಳ್ಳು ಸಂಖ್ಯೆ ಹುಟ್ಟುತ್ತದೆ. ಆದ್ದರಿಂದ ಕ್ಯಾಲೆಂಡರ್ ದಿನ ಬಿಟ್ಟು, ಮೊದಲ ಸಂಪಾದನೆಯಿಂದ ಕಳೆದ ಗಂಟೆಗಳನ್ನು ಎಣಿಸಬೇಕು.

ಬೈಠಕ್ಕು ಎಂದರೆ ಎಷ್ಟು? ವೆಬ್ ಅಂಕಿಅಂಶ ನೋಡುವವರಲ್ಲಿ ಮೂವತ್ತು ನಿಮಿಷ ಸುಮ್ಮನಿದ್ದರೆ ಮುಗಿಯಿತು ಎಂಬ ರೂಢಿಯಿದೆ. ರೂಢಿಯನ್ನು ನಂಬುವ ಬದಲು ದತ್ತಾಂಶವನ್ನೇ ಕೇಳಬಹುದು. ಒಬ್ಬೊಬ್ಬ ಸದಸ್ಯರ ಎರಡು ಸಂಪಾದನೆಗಳ ನಡುವಿನ ಅಂತರವನ್ನು ಸೆಕೆಂಡಿನಲ್ಲಿ ಅಳೆದು, ಅದರ ಲಾಗರಿದಮ್ ತೆಗೆದು ಹಿಸ್ಟೋಗ್ರಾಂ ಎಳೆದರೆ ಎರಡು ಗುಡ್ಡಗಳು ಕಾಣುತ್ತವೆ: ಒಂದು ಕೆಲವು ನಿಮಿಷಗಳ ಬಳಿ, ಇನ್ನೊಂದು ಒಂದು ದಿನದ ಬಳಿ. ನಡುವಿನ ಕಣಿವೆಯೇ ಗಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದು ಸುಮಾರು ಒಂದು ಗಂಟೆಯ ಹತ್ತಿರ ಬರುತ್ತದೆ. ಲಾಗರಿದಮ್ ತೆಗೆಯದೆ ಎಳೆದರೆ ಎಲ್ಲ ಎಡಗಡೆಗೆ ಒತ್ತಿ ಒಂದೇ ಕಂಬವಾಗುತ್ತದೆ, ಏನೂ ಕಾಣುವುದಿಲ್ಲ.

ದೊಡ್ಡ ಕಡತದಿಂದ ಚಿಕ್ಕ ಸ್ಯಾಂಪಲ್ ಪಡೆಯುವಾಗ ಆಗುವ ತಪ್ಪನ್ನೂ ಇಲ್ಲೇ ಹೇಳಬೇಕು. ನೂರು ಸಾಲಿಗೆ ಒಂದು ಸಾಲಿನಂತೆ ಹೆಕ್ಕಿದರೆ ಪ್ರತಿಯೊಬ್ಬರ ಚರಿತ್ರೆಯೂ ಚಿಂದಿಯಾಗಿ, ಅಂತರಗಳೆಲ್ಲ ಉದ್ದವಾಗಿ, ಎಲ್ಲರೂ ಅಪರೂಪಕ್ಕೆ ಬರುವವರಂತೆ ಕಾಣುತ್ತಾರೆ. ಹೆಕ್ಕಬೇಕಾದದ್ದು ಸಾಲುಗಳನ್ನಲ್ಲ, ಸದಸ್ಯರನ್ನು. ನೂರು ಜನರಲ್ಲಿ ಒಬ್ಬರು, ಅವರ ಸಾಲುಗಳು ಪೂರ್ತಿ.

ಯಾರು ಎಷ್ಟು ಸಂಪಾದಿಸಿದರು ಎಂದು ನೋಡಿದರೆ ಬಹಳ ಜನ ಒಂದೇ ಬಾರಿ, ಬೆರಳೆಣಿಕೆಯವರು ಸಾವಿರಾರು ಬಾರಿ. ಇಂಥಲ್ಲಿ ಸರಾಸರಿ ಯಾರನ್ನೂ ವರ್ಣಿಸುವುದಿಲ್ಲ, ಮಧ್ಯಾಂಕವನ್ನೂ ಶೇಕಡಾಂಕಗಳನ್ನೂ ಕೊಡಬೇಕು. ಎರಡೂ ಅಕ್ಷಗಳ ಲಾಗರಿದಮ್ ತೆಗೆದಾಗ ಗೆರೆ ನೇರವಾಗಿ ಕಂಡಿತೆಂದು ‘ಘಾತ ನಿಯಮ ಸಿಕ್ಕಿತು’, ಅಂದರೆ ಒಂದು ಪ್ರಮಾಣ ಇನ್ನೊಂದರ ಘಾತವಾಗಿ ಬದಲಾಗುತ್ತದೆ ಎಂದು ಬೇಸಿಗೆಯ ಕೊನೆಗೆ ತೋರಿಸುವ ಪೋಸ್ಟರಿನಲ್ಲಿ ಬರೆಯುವ ಆಸೆಯಾಗುತ್ತದೆ. ಕ್ಲಾಸೆಟ್, ಶಾಲಿಜಿ, ನ್ಯೂಮನ್ ಎಂಬ ಸಂಶೋಧಕರು 2009ರಲ್ಲೇ ತೋರಿಸಿದ್ದಾರೆ: ಲಾಗರಿದಮ್ ತೆಗೆದರೆ ಗಂಟೆಯಾಕಾರ ಬರುವ ಲಾಗ್-ನಾರ್ಮಲ್ ಹಂಚಿಕೆಯೂ ದೂರದವರೆಗೆ ನೇರ ಗೆರೆಯಂತೆಯೇ ಕಾಣಬಲ್ಲದು. ಎರಡನ್ನೂ ಕೂರಿಸಿ, ಯಾವುದು ದತ್ತಾಂಶಕ್ಕೆ ಹೆಚ್ಚು ಹೊಂದುತ್ತದೆ ಎಂದು ಸಂಭಾವ್ಯತೆಯ ಅನುಪಾತದಿಂದ ಹೋಲಿಸದೆ ಆ ಮಾತು ಆಡಬಾರದು.

ಇನ್ನು ಮಾದರಿಯ ತಿರುಳು. ವಿಕಿಯನ್ನು ಬಿಟ್ಟು ಹೋಗುವವರು ಯಾರೂ ವಿದಾಯ ಹೇಳಿ ಹೋಗುವುದಿಲ್ಲ. ‘180 ದಿನ ಒಂದೂ ಸಂಪಾದನೆ ಇಲ್ಲದಿದ್ದರೆ ಹೋದಂತೆ’ ಎಂದು ನಾವೇ ಗೆರೆ ಎಳೆಯಬೇಕು. ಆಗ ಒಂದು ಸಮಸ್ಯೆ ಬರುತ್ತದೆ: ದತ್ತಾಂಶ ಮುಗಿಯುವ ಹೊತ್ತಿಗೆ ಇನ್ನೂ ಇದ್ದವರನ್ನು ಏನು ಮಾಡುವುದು? ಅವರು ಎಷ್ಟು ಕಾಲ ಇರುತ್ತಾರೆ ಎಂಬುದು ನಮಗೆ ತಿಳಿಯದು, ಇಲ್ಲಿಯವರೆಗಂತೂ ಇದ್ದರು ಎಂಬುದು ತಿಳಿದಿದೆ. ವೈದ್ಯಕೀಯ ಅಧ್ಯಯನಗಳಲ್ಲಿ ಇದೇ ಪರಿಸ್ಥಿತಿಗೆಂದು ಕಪ್ಲಾನ್ ಮತ್ತು ಮಯರ್ 1958ರಲ್ಲಿ ಒಂದು ವಿಧಾನ ಕೊಟ್ಟರು. ಕಾಗದದ ಮೇಲೆಯೇ ಮಾಡಿ ನೋಡಬಹುದು.

ಹತ್ತು ಜನ ಹೊಸಬರು ಇದ್ದಾರೆ ಎಂದುಕೊಳ್ಳಿ. ಮೊದಲ ತಿಂಗಳಲ್ಲಿ ನಾಲ್ವರು ಹೋದರು. ಉಳಿದ ಪಾಲು 6/10, ಅಂದರೆ 0.60. ಮಿಕ್ಕ ಆರು ಜನರಲ್ಲಿ ಒಬ್ಬರು ಸೇರಿದ್ದೇ ತಡವಾಗಿ, ಮೊದಲ ತಿಂಗಳು ಮುಗಿಯುತ್ತಲೇ ಅವರ ದತ್ತಾಂಶ ಮುಗಿಯಿತು. ಎರಡನೇ ತಿಂಗಳಿಗೆ ಕಣ್ಣಳತೆಯಲ್ಲಿರುವವರು ಐದೇ ಜನ. ಅವರಲ್ಲಿ ಒಬ್ಬರು ಹೋದರು, ನಾಲ್ವರು ಉಳಿದರು. 0.60ನ್ನು 4/5ರಿಂದ ಗುಣಿಸಿದರೆ 0.48. ತಡವಾಗಿ ಸೇರಿದವರನ್ನು ‘ಹೋದರು’ ಎಂದು ಎಣಿಸಿದ್ದರೆ 4/10, ಅಂದರೆ 0.40 ಬರುತ್ತಿತ್ತು. ಅವರನ್ನು ಪಟ್ಟಿಯಿಂದಲೇ ತೆಗೆದಿದ್ದರೆ 4/9, ಅಂದರೆ 0.44. ಹತ್ತು ಜನರಲ್ಲೇ ಇಷ್ಟು ವ್ಯತ್ಯಾಸ. ಇತ್ತೀಚೆಗೆ ಹೊಸಬರು ಹೆಚ್ಚು ಸೇರಿದ ವಿಕಿಯಲ್ಲಿ ಈ ತಪ್ಪು ಎಲ್ಲರೂ ಓಡಿಹೋಗುತ್ತಿದ್ದಾರೆ ಎಂಬ ಚಿತ್ರ ಕೊಡುತ್ತದೆ.

ಇದರಲ್ಲೇ ಇನ್ನೊಂದು ಎಚ್ಚರ. 180 ದಿನದ ಗೆರೆ ಎಳೆದ ಮೇಲೆ ದತ್ತಾಂಶದ ಕೊನೆಯ 180 ದಿನಗಳಲ್ಲಿ ಯಾರೂ ‘ಹೋಗಲು’ ಸಾಧ್ಯವೇ ಇಲ್ಲ, ಅವರ ಮೌನ ಇನ್ನೂ ಪೂರ್ತಿಯಾಗಿಲ್ಲ. ಆ ಅವಧಿಯನ್ನು ಲೆಕ್ಕದಲ್ಲಿ ಉಳಿಸಿಕೊಂಡರೆ ರೇಖೆಯ ತುದಿ ಸುಳ್ಳೇ ಮಟ್ಟಸವಾಗುತ್ತದೆ. ವಿಶ್ಲೇಷಣೆಯನ್ನು 180 ದಿನ ಮೊದಲೇ ನಿಲ್ಲಿಸಿ, ಕೊನೆಯ ತುಂಡನ್ನು ಯಾರು ಮರಳಿದರು ಎಂದು ನೋಡಲಿಕ್ಕೆ ಮಾತ್ರ ಇಟ್ಟುಕೊಳ್ಳಬೇಕು. ಆಮೇಲೆ 90 ದಿನ, 365 ದಿನಗಳ ಗೆರೆ ಹಾಕಿಯೂ ಓಡಿಸಿ ನೋಡಬೇಕು. ತೀರ್ಮಾನ ತಲೆಕೆಳಗಾದರೆ, ಅದು ಜನರ ಬಗೆಗಿನ ತೀರ್ಮಾನವಲ್ಲ, ಗೆರೆಯ ಬಗೆಗಿನದು.

ಏಳನೇ ವಾರದ ಸುಮಾರಿಗೆ ಒಂದು ವಿಚಿತ್ರ ಫಲಿತಾಂಶ ಬರುತ್ತದೆ, ಬಹುತೇಕ ತಪ್ಪದೆ ಬರುತ್ತದೆ: ‘ಒಮ್ಮೆಯಾದರೂ ಸಂಪಾದನೆ ರದ್ದಾದವರು ಹೆಚ್ಚು ಕಾಲ ಉಳಿಯುತ್ತಾರೆ.’ ಟೀಕೆ ಮನುಷ್ಯರನ್ನು ಗಟ್ಟಿ ಮಾಡುತ್ತದೆ ಎಂಬ ವಿವರಣೆಯೂ ಸಿದ್ಧವಾಗುತ್ತದೆ. ಕಾರಣ ಅದಲ್ಲ. ಐದು ವರ್ಷ ಉಳಿದವರಿಗೆ ಎಂದಾದರೊಮ್ಮೆ ರದ್ದಾಗುವ ಅವಕಾಶ ಐದು ವರ್ಷ ಸಿಕ್ಕಿತು, ಒಂದೇ ದಿನದಲ್ಲಿ ಹೋದವರಿಗೆ ಒಂದೇ ದಿನ. ದೀರ್ಘಕಾಲ ಉಳಿದದ್ದರಿಂದ ರದ್ದು ಸಿಕ್ಕಿದೆ, ರದ್ದಾದದ್ದರಿಂದ ಉಳಿದದ್ದಲ್ಲ. ಒಟ್ಟು ಸಂಪಾದನೆಗಳ ಸಂಖ್ಯೆಯನ್ನು ಮಾದರಿಗೆ ಕೊಟ್ಟರೂ ಇದೇ ಕಥೆ: ಉತ್ತರವೇ ಪ್ರಶ್ನೆಯೊಳಗೆ ಸೋರಿಕೊಂಡಿರುತ್ತದೆ. ಪರಿಹಾರ ನಿಯತ್ತಿನದು. ಮೊದಲ 48 ಗಂಟೆಗಳಲ್ಲಿ ನಡೆದದ್ದನ್ನು ಮಾತ್ರ ಕಾರಣವೆಂದು ಬಳಸಿ, ಉಳಿವಿನ ಗಡಿಯಾರವನ್ನು 48ನೇ ಗಂಟೆಯಿಂದ ಆರಂಭಿಸಿ. ಅದಕ್ಕೂ ಮೊದಲೇ ಹೋದವರು ಈ ಹೋಲಿಕೆಯಲ್ಲಿ ಇರುವುದಿಲ್ಲ, ಅದನ್ನು ಬರೆದು ತಿಳಿಸಬೇಕು.

ರದ್ದು ಎಂಬುದನ್ನು ಕಡತ ಹೇಗೆ ಗುರುತಿಸುತ್ತದೆ ಎಂದೂ ತಿಳಿದಿರಲಿ. ಪುಟದ ಪಠ್ಯ ಹಿಂದಿನ ಯಾವುದೋ ಆವೃತ್ತಿಗೆ ಅಕ್ಷರಕ್ಕೆ ಅಕ್ಷರ ಸರಿಹೊಂದಿದರೆ ನಡುವಿನ ಸಂಪಾದನೆಗಳೆಲ್ಲ ರದ್ದಾದಂತೆ. ತಮ್ಮದನ್ನು ತಾವೇ ಅಳಿಸಿದವರೂ ಇದರಲ್ಲಿ ಸೇರುತ್ತಾರೆ. ಬರೆದದ್ದರಲ್ಲಿ ಮುಕ್ಕಾಲು ಪಾಲು ತೆಗೆದು ಒಂದು ವಾಕ್ಯ ಉಳಿಸಿದ್ದರೆ ಅದು ಸಿಕ್ಕುವುದೇ ಇಲ್ಲ.

ಅಷ್ಟಾದರೂ ಒಂದು ದೊಡ್ಡ ಪ್ರಶ್ನೆ ಉಳಿಯುತ್ತದೆ. ಕಿಡಿಗೇಡಿತನಕ್ಕೆ ಬಂದವರ ಬರಹ ರದ್ದಾಗುತ್ತದೆ, ಅವರು ಹೋಗುತ್ತಾರೆ. ರದ್ದಾಗದಿದ್ದರೂ ಹೋಗುತ್ತಿದ್ದರು. ಒಳ್ಳೆಯ ಮನಸ್ಸಿನಿಂದ ಬಂದವರನ್ನು ಬೇರ್ಪಡಿಸದೆ ಕಾರಣದ ಮಾತು ಆಡಲಾಗದು, ಅದಕ್ಕೆ ಕಣ್ಣಿಟ್ಟು ಓದುವುದೇ ದಾರಿ. ಇನ್ನೂರು ಮೊದಲ ಸಂಪಾದನೆಗಳನ್ನು ಇಬ್ಬರು ಪರಸ್ಪರ ನೋಡದೆ ‘ಸದುದ್ದೇಶ’, ‘ಹಾಳುಮಾಡುವುದು’ ಎಂದು ಗುರುತು ಹಾಕಬೇಕು. ಎರಡು ದಿನದ ಕೆಲಸ, ಇಡೀ ಬೇಸಿಗೆಯಲ್ಲಿ ಇದಕ್ಕಿಂತ ಫಲ ಕೊಡುವ ಎರಡು ದಿನ ಬೇರೆ ಇಲ್ಲ. ಬರೀ ‘ನೂರಕ್ಕೆ 85 ಹೊಂದಿತು’ ಎಂದರೆ ಸಾಲದು. ಇಬ್ಬರೂ ನೂರಕ್ಕೆ 80ನ್ನು ಸದುದ್ದೇಶ ಎಂದಿದ್ದರೆ, ಕಣ್ಣು ಮುಚ್ಚಿ ಗುರುತು ಹಾಕಿದರೂ 0.8×0.8 ಮತ್ತು 0.2×0.2 ಕೂಡಿ 0.68 ಹೊಂದುತ್ತಿತ್ತು. ಅದನ್ನು ಕಳೆದು, ಒಮ್ಮತ ಅಳೆಯುವ ಕೋಹೆನ್ನರ ಕಪ್ಪಾ ಲೆಕ್ಕ ಹಾಕಿದರೆ 0.17ನ್ನು (0.85−0.68) 0.32ರಿಂದ (1−0.68) ಭಾಗಿಸಿ 0.53. ಸಾಧಾರಣ ಒಮ್ಮತ ಅಷ್ಟೆ. ನಿಯಮಗಳನ್ನು ಸ್ಪಷ್ಟಪಡಿಸಿಕೊಂಡು ಇನ್ನೊಮ್ಮೆ ಓದಬೇಕು.

ಮುನ್ಸೂಚನೆಯ ಮಾದರಿ ಕಟ್ಟುವವರಿಗೆ ಎರಡು ಮಾತು. ನೂರರಲ್ಲಿ ತೊಂಬತ್ತು ಜನ ಮರಳದ ಕಡೆ ‘ಯಾರೂ ಮರಳುವುದಿಲ್ಲ’ ಎಂಬ ಮೊದ್ದು ಮಾದರಿಯೂ 90 ಶೇಕಡಾ ಸರಿ. ನಿಮ್ಮದು ಅದನ್ನು ಎಷ್ಟು ಮೀರಿತು ಎಂಬುದೇ ಸುದ್ದಿ. ಮತ್ತು ಪರೀಕ್ಷೆಗೆಂದು ದತ್ತಾಂಶವನ್ನು ಯಾದೃಚ್ಛಿಕವಾಗಿ ಒಡೆಯದೆ ಕಾಲದಿಂದ ಒಡೆಯಿರಿ. ಹಳೆಯ ವರ್ಷಗಳಿಂದ ಕಲಿತು ಹೊಸ ವರ್ಷವನ್ನು ಹೇಳಬೇಕು.

ಮಾದರಿಯನ್ನು ನಿಜವಾದ ದತ್ತಾಂಶಕ್ಕೆ ತೋರಿಸುವ ಮುನ್ನ ನಕಲಿ ದತ್ತಾಂಶಕ್ಕೆ ತೋರಿಸುವುದು ಈ ಕಸುಬಿನ ಅತ್ಯಂತ ಬೆಲೆಬಾಳುವ ಅಭ್ಯಾಸ. ಬಿಟ್ಟುಹೋಗುವ ದರವನ್ನು ನೀವೇ ನಿಗದಿ ಮಾಡಿ ಸಾವಿರ ಕಲ್ಪಿತ ಸದಸ್ಯರನ್ನು ಸೃಷ್ಟಿಸಿ, ನಿಮ್ಮ ಕೋಡು ಆ ದರವನ್ನು ಮರಳಿ ಕಂಡುಹಿಡಿಯುತ್ತದೆಯೇ ನೋಡಿ. ಕಂಡುಹಿಡಿಯದಿದ್ದರೆ ದೋಷ ಕೋಡಿನಲ್ಲಿದೆ, ಜನರಲ್ಲಿಲ್ಲ. ಕೊನೆಯಲ್ಲಿ ಅದನ್ನೇ ತಿರುಗಿಸಿ ಮಾಡಿ: ಕಲಿತ ಮಾದರಿಯಿಂದ ನಕಲಿ ಚರಿತ್ರೆಗಳನ್ನು ಹುಟ್ಟಿಸಿ, ನಿಜದ ಹಿಸ್ಟೋಗ್ರಾಂ ಪಕ್ಕದಲ್ಲಿಡಿ. ನಕಲಿಯಲ್ಲಿ ಸಂಪಾದನೆಗಳು ಸಮನಾಗಿ ಹರಡಿಕೊಂಡಿದ್ದರೆ ಮಾದರಿಗೆ ಮನುಷ್ಯರ ಸ್ವಭಾವ ಹಿಡಿದಿಲ್ಲ. ನಿಜದಲ್ಲಿ ಅವು ಗೊಂಚಲುಗೊಂಚಲಾಗಿ ಬರುತ್ತವೆ, ನಡುವೆ ಉದ್ದನೆಯ ಮೌನಗಳಿರುತ್ತವೆ. ಒಂದು ಘಟನೆ ಮುಂದಿನ ಘಟನೆಯ ಸಾಧ್ಯತೆಯನ್ನು ಸ್ವಲ್ಪ ಹೊತ್ತು ಏರಿಸುವ ಹಾಕ್ಸ್ ಪ್ರಕ್ರಿಯೆ ಇಂಥದ್ದಕ್ಕೆ ಹೊಂದುತ್ತದೆ. ಅಲನ್ ಹಾಕ್ಸ್ ಅದನ್ನು 1971ರಲ್ಲಿ ಮಂಡಿಸಿದರು, ಆಮೇಲೆ ಭೂಕಂಪದ ಅನುಕಂಪನಗಳ ಅಧ್ಯಯನದಲ್ಲಿ ಅದು ಬಹಳ ಬಳಕೆಗೆ ಬಂತು. ಮೂರು ವಾರಕ್ಕಿಂತ ಕಡಿಮೆ ಉಳಿದಿದ್ದರೆ ಅದಕ್ಕೆ ಕೈಹಾಕಬೇಡಿ.

ಇಲ್ಲಿರುವವರು ಜನ ಎಂಬುದನ್ನು ಕೋಷ್ಟಕ ಮರೆಸುತ್ತದೆ. 2006ರಲ್ಲಿ ಎಒಎಲ್ ಕಂಪನಿ ಸಂಶೋಧನೆಗೆಂದು ಸುಮಾರು ಎರಡು ಕೋಟಿ ಹುಡುಕಾಟಗಳನ್ನು, ಹೆಸರಿನ ಬದಲು ಸಂಖ್ಯೆ ಹಾಕಿ, ಬಿಡುಗಡೆ ಮಾಡಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಆ ಹುಡುಕಾಟಗಳನ್ನೇ ಓದಿ ಒಬ್ಬರ ಮನೆ ಬಾಗಿಲಿಗೆ ಹೋದರು. ವಿಕಿಯಲ್ಲಂತೂ ಸದಸ್ಯರ ಹೆಸರನ್ನು ಸಂಕೇತಕ್ಕೆ ಬದಲಿಸುವುದು ರಕ್ಷಣೆಯಲ್ಲ. ವಾಕ್ಯವೊಂದನ್ನು ಪೋಸ್ಟರಿನಲ್ಲಿ ಹಾಗೇ ಉದ್ಧರಿಸಿದರೆ ಅದನ್ನು ಹುಡುಕಿ ಬರೆದವರನ್ನು ಗುರುತಿಸಲು ಒಂದು ನಿಮಿಷ ಸಾಕು. ಕನ್ನಡದಂಥ ಸಣ್ಣ ಸಮುದಾಯದಲ್ಲಿ ದಿನಾಂಕ ಮತ್ತು ವಿಷಯ ಹೇಳಿದರೂ ಸಾಕು. ಸಾರವನ್ನಷ್ಟೇ ಹೇಳಿ, ಮೂಲವನ್ನು ತೋರಿಸಬೇಡಿ. ಸಾರ್ವಜನಿಕ ದತ್ತಾಂಶಕ್ಕೆ ನೈತಿಕ ಸಮಿತಿಯ ವಿನಾಯಿತಿ ಸಿಗುವುದುಂಟು, ಆದರೆ ವಿನಾಯಿತಿಯಿದೆ ಎಂದು ಹೇಳಬೇಕಾದವರು ಸಮಿತಿಯವರು, ವಿದ್ಯಾರ್ಥಿಯಲ್ಲ. ನೈತಿಕತೆಯ ತರಬೇತಿಯನ್ನೂ ಸಮಿತಿಗೆ ಹಾಕುವ ಅರ್ಜಿಯನ್ನೂ ಮೊದಲ ವಾರವೇ ಮುಗಿಸಬೇಕು. ಅರ್ಜಿ ಅಲ್ಲಿ ವಾರಗಟ್ಟಲೆ ಕೂರುತ್ತದೆ.

ಒಂಬತ್ತನೇ ವಾರಕ್ಕೆ ಹೊಸ ವಿಶ್ಲೇಷಣೆ ನಿಲ್ಲಿಸಿ. ಪೋಸ್ಟರಿಗೆ ಒಂದೇ ಮುಖ್ಯ ಚಿತ್ರ ಸಾಕು: ಎರಡು ಗುಂಪುಗಳ ಉಳಿವಿನ ರೇಖೆ, ಎರಡರ ಸುತ್ತಲೂ ಅಂದಾಜು ಎಷ್ಟು ಆಚೀಚೆಯಾಗಬಹುದೆಂದು ತೋರಿಸುವ ವಿಶ್ವಾಸದ ಹರವು, ಕೆಳಗೆ ಪ್ರತಿ ಹಂತದಲ್ಲಿ ಕಣ್ಣಳತೆಯಲ್ಲಿದ್ದವರ ಸಂಖ್ಯೆ. ಆ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿದ ಮೇಲೆ ರೇಖೆಯನ್ನು ಮುಂದುವರಿಸಬೇಡಿ. ಯಾವ ತಿಂಗಳ ಕಡತ ಬಳಸಿದಿರಿ, ಯಾದೃಚ್ಛಿಕ ಸಂಖ್ಯೆಗೆ ಯಾವ ಬೀಜ (ಆರಂಭದ ಸಂಖ್ಯೆ) ಕೊಟ್ಟಿರಿ, ಎಷ್ಟು ಜನರನ್ನು ಯಾವ ಕಾರಣಕ್ಕೆ ಕೈಬಿಟ್ಟಿರಿ ಎಂಬುದನ್ನೆಲ್ಲ ಕೋಡಿನ ಜೊತೆ ಒಂದು ಪುಟದಲ್ಲಿ ಬರೆದಿಡಿ. ಆಮೇಲೆ ಆ ಕೋಡು ಮತ್ತು ಆ ಪುಟ ಎರಡನ್ನೇ ಪಕ್ಕದ ಮೇಜಿನ ವಿದ್ಯಾರ್ಥಿಗೆ ಕೊಟ್ಟು, ಬಾಯಿ ಬಿಡದೆ ಕಾಯಿರಿ. ಅವರ ಯಂತ್ರದಲ್ಲೂ ಅದೇ ರೇಖೆ ಮೂಡಿದರೆ ಪೋಸ್ಟರನ್ನು ಅಚ್ಚಿಗೆ ಕಳಿಸಬಹುದು.